ಕುದುರೆಯ ಖರ್ಚು ಯಾರದು?

ಯಳಂದೂರಿನ ಬಸ್ ನಿಲ್ದಾಣದಲ್ಲಿ ಮೊನ್ನೆ ಇಬ್ಬರು ಹುಡುಗರು ಮೊಬೈಲಿನಲ್ಲಿ ಮೊದಲ ಮಹಾಯುದ್ಧದ, 1918ರ ಹೈಫಾ ಕಾಳಗದ ವಿಡಿಯೋ ನೋಡುತ್ತಿದ್ದರು. “ನಮ್ ಮೈಸೂರೋರು ಕನ, ಬರೀ ಈಟಿ ಹಿಡ್ಕಂಡು ಪಿರಂಗಿ ಮ್ಯಾಲೆ ನುಗ್ಗವ್ರ” ಎಂದ ಒಬ್ಬ. “ಅದ್ಸರಿ, ಯಾರ್ಗೋಸ್ಕರ ನುಗ್ಗುದ್ರು?” ಎಂದ ಇನ್ನೊಬ್ಬ. ಅವನ ಪ್ರಶ್ನೆ ವಾರವಿಡೀ ನನ್ನ ಬೆನ್ನು ಬಿಡಲಿಲ್ಲ.

ಅದೇ ದಿನಗಳಲ್ಲಿ ನಾನು ರಷ್ಯಾ ಚಕ್ರವರ್ತಿಯ ಸೈನ್ಯದಲ್ಲಿದ್ದ ಜಾರ್ಜಿಯಾದ ಸರದಾರರ ಬಗ್ಗೆ ಓದುತ್ತಿದ್ದೆ. ಅವರಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ರಷ್ಯಾ ಆ ನಾಡನ್ನು ನುಂಗಿದ್ದು 1801ರಲ್ಲಿ, ಶ್ರೀರಂಗಪಟ್ಟಣ ಬಿದ್ದ ಎರಡೇ ವರ್ಷಕ್ಕೆ. ಅಲ್ಲಿನ ರಾಜವಂಶದ ಬಗ್ರಾತಿಯಾನ್ ರಷ್ಯಾದ ಮಹಾಸೇನಾನಿಯಾಗಿ 1812ರಲ್ಲಿ ಬೊರೊದಿನೊದಲ್ಲಿ ಗಾಯಗೊಂಡು ಸತ್ತ. ನಂತರದ ತಲೆಮಾರುಗಳ ಇವಾನೆ ಅಮಿಲಾಖ್ವರಿ ಅಶ್ವದಳದ ಜನರಲ್ ಪದವಿಯವರೆಗೂ ಏರಿದ. ನಮ್ಮ ಅರಸು ಮನೆತನದವರಿಗೆ ಆ ಏಣಿಯೇ ಇರಲಿಲ್ಲ. ರೆಜಿಮೆಂಟ್‌ದಾರ್ ಬಿ. ಚಾಮರಾಜ ಅರಸು ಮೈಸೂರು ಲ್ಯಾನ್ಸರ್ಸ್ ದಳವನ್ನು ನಡೆಸಬಹುದಿತ್ತು. ಆದರೆ ಮೈಸೂರು, ಜೋಧಪುರ, ಹೈದರಾಬಾದ್ ದಳಗಳು ಸೇರಿದ ಬ್ರಿಗೇಡಿನ ನಾಯಕ ಹಾರ್ಬೋರ್ಡ್ ಎಂಬ ಇಂಗ್ಲಿಷಿನವನೇ. ಬ್ರಿಟಿಷ್ ಅಧಿಕಾರಿಗೆ ಸರಿಸಮನಾದ ಕಿಂಗ್ಸ್ ಕಮಿಷನ್ನಿನ ಬಾಗಿಲು ಭಾರತೀಯರಿಗೆ ತೆರೆಯತೊಡಗಿದ್ದೇ 1917ರಲ್ಲಿ.

ಇಲ್ಲೊಂದು ಮಾತು ಹೇಳಲೇಬೇಕು. ಹೈಫಾ ಗೆದ್ದ ದಿನವಾದ ಸೆಪ್ಟೆಂಬರ್ 23ಕ್ಕೆ ಪ್ರತಿ ವರ್ಷ ‘ಜಗತ್ತಿನ ಕೊನೆಯ ಅಶ್ವದಾಳಿ’ ಎಂಬ ಸಂದೇಶ ಊರೆಲ್ಲ ಸುತ್ತುತ್ತದೆ. ಹೈಫಾ ಗೆದ್ದ ಮೇಲೆ ಅದೇ 1918ರ ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಇದೇ ಮೈಸೂರು ಸವಾರರು ಮತ್ತೆ ಕುದುರೆಯೇರಿ ನುಗ್ಗಿದರು. ಹೈಫಾವನ್ನು ಕೊನೆಯದೆಂದು ಕರೆದರೆ ಹರಿತಾನ್‌ನಲ್ಲಿ ಬಿದ್ದವರನ್ನು ಅಳಿಸಿಹಾಕಿದಂತೆ. ಅಭಿಮಾನ ಇರುವವರು ಇಷ್ಟಾದರೂ ಓದಿಕೊಳ್ಳಬೇಡವೇ?

ಯಾರಿಗೋಸ್ಕರ ಎಂಬುದಕ್ಕೆ ಉತ್ತರ ಹುಡುಕುತ್ತ ನಾನು ಮೈಸೂರಿನ ದಿವಾನ ಪೂರ್ಣಯ್ಯನವರ ಬಳಿಗೆ ಬಂದೆ. ಅವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿದ್ದು 1807ರಲ್ಲಿ. ಅದೇ ವರ್ಷ ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ಪೂರಕ ಒಪ್ಪಂದದಂತೆ, ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿ ಇಟ್ಟುಕೊಂಡಿರಬೇಕಾಯಿತು. ಕಂಪನಿ ಕರೆದಾಗ ಕಳಿಸಬೇಕಾಯಿತು. ಅದಕ್ಕೂ ಮೊದಲೇ, 1803ರಲ್ಲಿ, ಮೈಸೂರಿನ ಸವಾರರು ಬ್ರಿಟಿಷ್ ಸೇನಾನಿ ವೆಲ್ಲೆಸ್ಲಿಯ ಜೊತೆ ಮರಾಠರ ಮೇಲೆ ಹೋಗಿದ್ದರು.

ಇವರು ಸಿಲ್ಲೇದಾರರು. ಕುದುರೆ ಅವರದೇ, ಜೀನು ಅವರದೇ, ಕತ್ತಿಯೂ ಅವರದೇ. ಸರ್ಕಾರ ಕೊಡುತ್ತಿದ್ದದ್ದು ತಿಂಗಳ ಸಂಬಳ. ಆ ಸಂಬಳದಲ್ಲೇ ಹುಲ್ಲು, ಹುರುಳಿ, ಲಾಳ, ಹೆಂಡತಿ ಮಕ್ಕಳ ಹೊಟ್ಟೆ. ಕುದುರೆ ಸತ್ತರೆ ಕೆಲಸವೂ ಸತ್ತಂತೆ. ಇನ್ನೊಂದನ್ನು ಕೊಳ್ಳುವವರೆಗೆ ಅವನು ಸವಾರನಲ್ಲ, ಸಾಲಗಾರ. ಸ್ವಂತ ಕುದುರೆ ಇಲ್ಲದವನು ಇನ್ನೊಬ್ಬನ ಕುದುರೆ ಹತ್ತಿ ಬಾರಗೀರನಾಗುತ್ತಿದ್ದ, ಸಂಬಳದ ಪಾಲು ಕುದುರೆಯ ಯಜಮಾನನಿಗೆ. ಇಂಥ ಸವಾರರು ಎದುರು ನುಗ್ಗಲು ಹಿಂಜರಿಯುತ್ತಾರೆ ಎಂದು ಇಂಗ್ಲಿಷ್ ಅಧಿಕಾರಿಗಳು ದೂರುತ್ತಿದ್ದರು. ಹೊಲ ಉಳುವ ಎತ್ತನ್ನು ಗುಂಡಿನೆದುರು ಬಿಡುವ ರೈತ ಯಾರಿದ್ದಾನೆ? ಅದು ಹೇಡಿತನವಲ್ಲ, ಮನೆ ನಡೆಸುವವನ ಲೆಕ್ಕಾಚಾರ.

ಈ ಲೆಕ್ಕ ಹಿಡಿದು ಮುಂದೆ ಹೋದಾಗ ನಾನು ಕೇಳಬೇಕಾದ ಪ್ರಶ್ನೆ ಬೇರೆಯೇ ಎಂದು ಕಂಡಿತು. ನಿಷ್ಠೆ ಯಾರಿಗೆ ಎಂಬುದು ಅರಸುಮಗನ ಮನಸ್ಸಿನ ವಿಷಯ. ಕುದುರೆಯ ಖರ್ಚು ಯಾರದು ಎಂಬುದಕ್ಕೆ ಕಾಗದದಲ್ಲೇ ಉತ್ತರವಿದೆ.

1799ರಿಂದ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟುತ್ತಿತ್ತು. 1881ರಲ್ಲಿ ರಾಜ್ಯ ಬ್ರಿಟಿಷರ ನೇರ ಆಡಳಿತದಿಂದ ಒಡೆಯರಿಗೆ ಮರಳಿದಾಗ ಅದನ್ನು 35 ಲಕ್ಷಕ್ಕೆ ಏರಿಸಿದರು. ಹೆಚ್ಚಿಸಿದ 10.5 ಲಕ್ಷ ಯಾತಕ್ಕೆಂದರೆ, 1807ರ ಸವಾರರನ್ನು ಸಾಕುವ ಹೊಣೆಯಿಂದ ಬಿಡುಗಡೆ ಕೊಟ್ಟದ್ದಕ್ಕೆ. ಬರದಲ್ಲಿ ಬೆಂದ ಸಂಸ್ಥಾನಕ್ಕೆ ತಕ್ಷಣ ಕಟ್ಟಲಾಗದೆ ಆ ಹೆಚ್ಚಳ 1896ರವರೆಗೆ ಮುಂದೆ ಹೋಯಿತು. ಅಷ್ಟರಲ್ಲಿ 1892ರಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದರೆ ಮುಂದೆ ಹೈಫಾಕ್ಕೆ ಹೋದ ದಳ, ಹುಟ್ಟಿತ್ತು, ಮತ್ತೆ ಮೈಸೂರಿನ ಖರ್ಚಿನಲ್ಲೇ. ಅಂದರೆ ಸವಾರರನ್ನು ಸಾಕದಿರಲು ಒಂದು ಹಣ, ಸಾಕಲು ಇನ್ನೊಂದು ಹಣ. 1914ರಲ್ಲಿ ಯುದ್ಧ ಬಂದಾಗ ಮಹಾರಾಜರು ಕೊಟ್ಟ 50 ಲಕ್ಷ ಇದರ ಮೇಲೆ. ಅದರಲ್ಲಿ ದೊಡ್ಡ ಪಾಲು ಕಂದಾಯ ಕಟ್ಟಿದ ರೈತನ ಗದ್ದೆಯಿಂದಲೇ ಬಂದದ್ದು.

ಈ ಸೀಮೆಯ ಎಲ್ಲ ರೈತರೂ ಆ ಹಣ ಕಟ್ಟಲಿಲ್ಲ. ಆಗ ಕೊಳ್ಳೇಗಾಲ, ಹನೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು, 1956ರವರೆಗೂ ಹಾಗೆಯೇ. ಪಕ್ಕದ ಯಳಂದೂರು ಮೈಸೂರಿನದು. ಒಂದೇ ಮಾತು, ಒಂದೇ ಮಲೆ ಮಾದಪ್ಪನ ಒಕ್ಕಲು. ಆದರೆ ಹೈಫಾದ ಕುದುರೆಗಳಿಗೆ ಹುರುಳಿ ಹಾಕಿದ ಖಜಾನೆ ಗಡಿಯ ಈಚೆಯದು.

1914ರ ಅಕ್ಟೋಬರಿನಲ್ಲಿ ಈಜಿಪ್ಟಿಗೆ ಹೊರಟ ಮೈಸೂರು ದಳದಲ್ಲಿ 29 ಅಧಿಕಾರಿಗಳು, 444 ಸವಾರರು, 526 ಕುದುರೆಗಳು, 49 ಹೇಸರಗತ್ತೆಗಳು, ಜೊತೆಗೆ 132 ಮಂದಿ ಕೆಲಸಗಾರರಿದ್ದರು. ಹೈಫಾದಲ್ಲಿ ಇಡೀ ಬ್ರಿಗೇಡಿನಲ್ಲಿ ಸತ್ತವರು 8, ಗಾಯಗೊಂಡವರು 34. ಸತ್ತ ಕುದುರೆಗಳು 60, ಗಾಯಗೊಂಡವು 83. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಿಂದ ನಿಂತಿರುವ ಮೂವರು ಸವಾರರ ಪ್ರತಿಮೆಗಳಲ್ಲಿ ಒಂದು ಮೈಸೂರಿನವನದು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲೂ ಈ ದಳದ ಸ್ಮಾರಕವಿದೆ. ಹುಲ್ಲು ಕೊಯ್ದು, ಮೈ ಉಜ್ಜಿ, ಗಾಯ ತೊಳೆದು ಆ ಕುದುರೆಗಳನ್ನು ನಾಲ್ಕು ವರ್ಷ ಮರಳುಗಾಡಿನಲ್ಲಿ ಬದುಕಿಸಿದವರ ಹೆಸರು, ಊರು ಇನ್ನು ನನಗೆ ಬೇಕಾಗಿರುವುದು. ಅಜ್ಜನೋ ಮುತ್ತಜ್ಜನೋ ‘ಮಿಸರಕ್ಕೆ (ಈಜಿಪ್ಟಿಗೆ) ಹೋಗಿ ಬಂದ’ ಎಂಬ ಮಾತು ಯಳಂದೂರು ಸೀಮೆಯ ಯಾವ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ.