ಉದ್ಧರಣ ಚಿಹ್ನೆಯ ಹೊಣೆ

ಈ ಪುಟಕ್ಕೆ ಬಂದ ಕಥೆಯೊಂದನ್ನು ಅಚ್ಚಿಗೆ ಸಿದ್ಧಪಡಿಸುವಾಗ ಕಳೆದ ವರ್ಷ ನನ್ನಿಂದ ಒಂದು ಪ್ರಮಾದ ನಡೆಯಿತು. ಕಥೆ ಹೇಳುವವನು ಅಣ್ಣ. ಹಸ್ತಪ್ರತಿಯಲ್ಲಿದ್ದ ವಾಕ್ಯ ಇದು:

ತಮ್ಮ ನಾನೇ ಮನೆ ಒಡೆದೆನೆಂದು ಊರೆಲ್ಲ ಹೇಳಿಕೊಂಡು ಬಂದ.

ಸಂಧಿಯನ್ನು ಬಿಡಿಸಿ, ಉದ್ಧರಣ ಚಿಹ್ನೆಗಳನ್ನಿಟ್ಟು ನಾನು ಅದನ್ನು ಹೀಗೆ ತಿದ್ದಿದೆ:

ತಮ್ಮ “ನಾನೇ ಮನೆ ಒಡೆದೆ” ಎಂದು ಊರೆಲ್ಲ ಹೇಳಿಕೊಂಡು ಬಂದ.

ಅಣ್ಣನ ಮೇಲೆ ಹೊರಿಸಿದ್ದ ಅಪವಾದವು ತಮ್ಮನ ತಪ್ಪೊಪ್ಪಿಗೆಯಾಗಿ ಅಚ್ಚಾಯಿತು. ಲೇಖಕರು ನೊಂದು ಬರೆದ ಕಾಗದ ಇನ್ನೂ ನನ್ನ ಮೇಜಿನ ಮೇಲಿದೆ.

ತಪ್ಪು ನನ್ನದೇ. ಆದರೂ ಹಸ್ತಪ್ರತಿಯನ್ನು ಮತ್ತೆ ತೆರೆದಾಗ, ನಾನು ದಾರಿ ತಪ್ಪಿದ್ದು ಎಲ್ಲಿ ಎಂಬುದು ಕಂಡಿತು. ಎರಡು ಪುಟಗಳ ಹಿಂದೆ, ಅಮ್ಮ ನಾನು ಇನ್ನು ಇಲ್ಲಿ ಉಣ್ಣುವುದಿಲ್ಲವೆಂದು ಎದ್ದುಹೋದಳು ಎಂದಿತ್ತು. ಅಲ್ಲಿ ‘ನಾನು’ ಅಮ್ಮನೇ. ಅದೇ ರಚನೆ, ಅದೇ ಪದ. ತಮ್ಮನ ಮಾತಿಗೆ ಬಂದಾಗ ಮಾತ್ರ ‘ನಾನು’ ಅಣ್ಣನಾಗಿಬಿಟ್ಟಿದ್ದ.

ನಮ್ಮ ಹಿಂದಿನವರು ಈ ಚಿಹ್ನೆಗಳ ಹಂಗಿಲ್ಲದೆ ಬರೆದರು. ಓಲೆಗರಿಯಲ್ಲಿ ಪದಗಳ ನಡುವೆ ತೆರಪು ಕೂಡ ಇರುತ್ತಿರಲಿಲ್ಲ. ಪದ್ಯದ ಕೊನೆಗೆ ಗೆರೆಯೋ ಜೋಡಿಗೆರೆಯೋ ಇದ್ದರೆ ಉಂಟು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೊಂದು ಪ್ರಕರಣವಿದೆ, ವಿರಾಮಚಿಹ್ನೆಗಿಲ್ಲ. ಆ ಕೆಲಸದ ಬಹುಭಾಗವನ್ನು ಭಾಷೆಯೇ ಮಾಡುತ್ತಿತ್ತು. ಪದಾಂತ್ಯದ ಊಕಾರ ಎಣಿಕೆಯನ್ನು ತೋರುತ್ತಿತ್ತು. ಏಕಾರ ಓಕಾರಗಳು ಪ್ರಶ್ನೆಯನ್ನು ತೋರುತ್ತಿದ್ದವು. ‘ಎಂದು’ ಆಡಿದ ಮಾತಿನ ಕೊನೆಯನ್ನು ತೋರುತ್ತಿತ್ತು. ಆದರೆ ‘ಎಂದು’ ಕೊನೆಯನ್ನಷ್ಟೇ ತೋರಬಲ್ಲುದು. ಮಾತು ಎಲ್ಲಿ ಮೊದಲಾಯಿತು, ಅದರೊಳಗಿನ ‘ನಾನು’ ಯಾರು ಎಂಬುದನ್ನು ಹೇಳಲಾರದು. ಅದಕ್ಕೆ ಕನ್ನಡದಲ್ಲಿ ‘ತಾನು’ ಇದೆ. ತಮ್ಮ ತಾನೇ ಮನೆ ಒಡೆದೆನೆಂದು ಹೇಳಿದ ಎಂದರೆ ಯಾವ ಚಿಹ್ನೆಯೂ ಬೇಡ. ಮಕ್ಕಳಿಂದ ಲೇಖನ ಚಿಹ್ನೆಗಳನ್ನು ಹಾಕಿಸುವ ಉಪಾಧ್ಯಾಯರು ಇದನ್ನೂ ಜತೆಗೇ ಹೇಳಿಕೊಡಬಾರದೆ?

19ನೆಯ ಶತಮಾನದ ಅಚ್ಚಿನ ಗದ್ಯದೊಡನೆ ಇಂಗ್ಲಿಷಿನ ಚಿಹ್ನೆಗಳು ನಮ್ಮಲ್ಲಿ ನೆಲೆಯೂರಿದವು; ಹಳೆಯವೂ ಪೂರ್ತಿ ಹೋಗಲಿಲ್ಲ. ಒಂದೇ ಲೇಖನದಲ್ಲಿ ಒಮ್ಮೆ ‘ಡಾ||’, ಮತ್ತೊಮ್ಮೆ ‘ಡಾ.’ ಎಂದು ಬರೆದು ಕಳುಹಿಸುವವರಿದ್ದಾರೆ. ಅದರಿಂದ ಯಾರ ಮನೆಯೂ ಒಡೆಯುವುದಿಲ್ಲ. ನಾನು ಸುಮ್ಮನೆ ತಿದ್ದಿಕೊಳ್ಳುತ್ತೇನೆ.

ಉದ್ಧರಣ ಚಿಹ್ನೆಯ ಮಾತು ಬೇರೆ. ಅದನ್ನು ಬಿಟ್ಟು ಬರೆಯುವುದು ಲೇಖಕರ ಹಕ್ಕು. ಹಾಗೆ ಬರೆಯುವವರು ‘ನಾನು’ ‘ತಾನು’ಗಳ ಭೇದವನ್ನು ಮೊದಲಿನಿಂದ ಕೊನೆಯವರೆಗೆ ಕಾಯ್ದುಕೊಂಡು ಬರಬೇಕೆಂದಷ್ಟೇ ನನ್ನ ಕೋರಿಕೆ. ಇನ್ನು ಮುಂದೆ ಸಂದೇಹ ಬಂದೆಡೆಯಲ್ಲಿ ನಾನಾಗಿಯೇ ಚಿಹ್ನೆಯನ್ನು ಸೇರಿಸದೆ ಲೇಖಕರನ್ನು ಕೇಳುತ್ತೇನೆ. ಉತ್ತರ ಬರುವವರೆಗೆ ಕಥೆ ಒಂದೆರಡು ವಾರ ತಡವಾದರೆ ವಾಚಕರು ಮನ್ನಿಸಬೇಕು.