ನಮ್ಮ ಕ್ಯಾಪ್ಟನ್ ನಮಗೇ ಗೊತ್ತಿಲ್ಲ

2020ರ ಅಕ್ಟೋಬರ್ ತಿಂಗಳು. ನಾನಾಗ ಎಸ್ಸೆಸ್ಸೆಲ್ಸಿ. ಕೊರೊನಾದಿಂದ ಶಾಲೆ ಮುಚ್ಚಿತ್ತು. ನಮ್ಮ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದು ಆನ್‌ಲೈನ್ ಕ್ಲಾಸಿಗಾಗಿ ಹೊಳಲ್ಕೆರೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ದೊಡ್ಡಪ್ಪ ಪೇಪರ್ ಹಿಡಿದು ಕೂತವರು ಏಳಲೇ ಇಲ್ಲ. ತಿಂಡಿ ತಣ್ಣಗಾಯಿತು. ಆಮೇಲೆ ಒಂದರ ಹಿಂದೆ ಒಂದು ಫೋನ್. ಎಲ್ಲವೂ ಬೆಂಗಳೂರಿನಿಂದ, ಅವರ ಹಳೆಯ ಸಹೋದ್ಯೋಗಿಗಳದ್ದು.

‘ಯಾರು ಹೋದ್ರು ದೊಡ್ಡಪ್ಪ?’ ಎಂದು ಕೇಳಿದೆ.

‘ನಮ್ಮ ಕ್ಯಾಪ್ಟನ್ ಕಣೋ’ ಎಂದರು.

ಪೇಪರ್ ಇಣುಕಿ ನೋಡಿದೆ. ಕಾರ್ಲ್ಟನ್ ಚಾಪ್ಮನ್, 49 ವರ್ಷ, ಹೃದಯಾಘಾತ. ನಾನು ಆ ಹೆಸರನ್ನೇ ಕೇಳಿರಲಿಲ್ಲ. ಮೆಸ್ಸಿ, ರೊನಾಲ್ಡೊ ಎಷ್ಟು ಗೋಲು ಹೊಡೆದಿದ್ದಾರೆ ಎಂದು ನಿದ್ದೆಗಣ್ಣಲ್ಲೂ ಹೇಳುತ್ತಿದ್ದವನು ನಾನು. ಭಾರತ ತಂಡದ ನಾಯಕನಾಗಿದ್ದ ಬೆಂಗಳೂರಿನ ಹುಡುಗನೊಬ್ಬನ ಹೆಸರು ಅವನು ಸತ್ತ ಮರುದಿನ ನನಗೆ ಗೊತ್ತಾಯಿತು. ಆ ನಾಚಿಕೆ ಇನ್ನೂ ಹೋಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದೊಡ್ಡಪ್ಪ ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಟೆಲಿಫೋನ್ ತಯಾರಿಸುತ್ತಿದ್ದ ಆ ಕಂಪನಿಗೆ ತನ್ನದೇ ಫುಟ್‌ಬಾಲ್ ತಂಡ ಇತ್ತು. 1977ರಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ತಂಡವನ್ನು ಸೋಲಿಸಿದ್ದು ಇದೇ ಐಟಿಐ. ಅಂಥ ಜಾಗದಲ್ಲಿ ನೌಕರಿ ಮಾಡಿದವರಿಗೆ ಫುಟ್‌ಬಾಲ್ ಹುಚ್ಚು ಹಿಡಿಯದೆ ಇರುತ್ತದೆಯೇ? ಬೆಂಗಳೂರಿನ ಹುಡುಗ ದೂರದ ಕೋಲ್ಕತ್ತಕ್ಕೆ ಹೋಗಿ ಆಡಿದರೆ, ಇವರಿಗೆ ಆ ಕೋಲ್ಕತ್ತದ ತಂಡವೇ ತಮ್ಮ ತಂಡವಾಯಿತು.

ಚಾಪ್ಮನ್ ಹುಟ್ಟಿದ್ದು 1971ರಲ್ಲಿ. ಎಂಬತ್ತರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಕಲಿತರು. 1990ರಲ್ಲಿ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ, 1993ರಲ್ಲಿ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ ಇರಾಕಿನ ಅಲ್ ಜವ್ರಾ ತಂಡವನ್ನು 6–2ರಿಂದ ಸೋಲಿಸಿದಾಗ ಮೂರು ಗೋಲು ಇವರದ್ದೇ. ಮುಂದೆ ಪಂಜಾಬಿನ ಜೆಸಿಟಿ ಸೇರಿದರು. ಅಲ್ಲಿ ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆಗೂಡಿ 1996–97ರ ಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಗೆದ್ದರು. ಎಫ್‌ಸಿ ಕೊಚ್ಚಿನ್‌ನಲ್ಲಿ ಆಡಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದರು. 2001ರಲ್ಲಿ ಆ ಕ್ಲಬ್ ಮೊದಲ ಸಲ ರಾಷ್ಟ್ರೀಯ ಲೀಗ್ ಗೆದ್ದಾಗ ತಂಡದ ನಾಯಕ ಇವರೇ. ಅದೇ ವರ್ಷ ಆಟಕ್ಕೆ ವಿದಾಯ ಹೇಳಿ, ಆಮೇಲೆ ಹುಡುಗರಿಗೆ ಆಟ ಕಲಿಸುತ್ತಾ ಉಳಿದರು.

ಇಷ್ಟು ಸಾಧನೆ ಮಾಡಿದವರನ್ನು ಕೋಲ್ಕತ್ತದವರು ತಮ್ಮವರೆಂದು ಎದೆಗೆ ಹಚ್ಚಿಕೊಂಡರು. ನಮ್ಮ ಕಾಲೇಜಿನಲ್ಲಿ ಹತ್ತು ಜನರನ್ನು ಕೇಳಿ ನೋಡಿದೆ. ಎಲ್ಲರಿಗೂ ಸುನಿಲ್ ಛೆಟ್ರಿ ಗೊತ್ತು. ಚಾಪ್ಮನ್ ಯಾರಿಗೂ ಗೊತ್ತಿಲ್ಲ.

ಆ ದಿನ ದೊಡ್ಡಪ್ಪನನ್ನು ಇನ್ನೊಂದು ಪ್ರಶ್ನೆ ಕೇಳಿದ್ದೆ. ‘ಇವರು ತುಂಬಾ ಗೋಲ್ ಹೊಡೀತಿದ್ರಾ?’

‘ಗೋಲ್ ಹೊಡೆದವನನ್ನ ಎಲ್ಲರೂ ನೋಡ್ತಾರೆ ಮಗಾ. ಆ ಬಾಲ್ ಯಾರ ಕಾಲಿಂದ ಬಂತು ಅಂತ ನೋಡೋದು ಕಲಿ’ ಎಂದರು.

ಆಗ ಅದು ನನಗೆ ಅರ್ಥವಾಗಲಿಲ್ಲ. ಚಾಪ್ಮನ್ ಮಿಡ್‌ಫೀಲ್ಡರ್. ಹಿಂದಿನಿಂದ ಬಂದ ಚೆಂಡನ್ನು ಹಿಡಿದು, ಎದುರಾಳಿಯಿಂದ ಕಾಪಾಡಿ, ಮುಂದಿರುವವನ ಕಾಲಿಗೆ ಮುಟ್ಟಿಸುವ ಕೆಲಸ. ಈಗ ನಾನು ನಮ್ಮ ಕಾಲೇಜು ತಂಡದಲ್ಲಿ ಅವರಿಗಿಂತಲೂ ಹಿಂದೆ, ಸ್ಟಾಪರ್ ಬ್ಯಾಕ್ ಆಗಿ ನಿಲ್ಲುತ್ತೇನೆ. ಹೋದ ವರ್ಷ ನಮ್ಮ ವಿಭಾಗ ನಾಲ್ಕು ಮ್ಯಾಚ್‌ಗಳಲ್ಲಿ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಐದನೆಯದರಲ್ಲಿ ನಾನು ಒಮ್ಮೆ ಜಾರಿಬಿದ್ದೆ. 0–1. ಒಂದು ವಾರ ಕ್ಯಾಂಟೀನ್‌ಗೆ ಹೋಗಲು ಮುಖವಿರಲಿಲ್ಲ. ಆ ನಾಲ್ಕು ಮ್ಯಾಚ್ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಅವತ್ತು ದೊಡ್ಡಪ್ಪನ ಮಾತು ಅರ್ಥವಾಯಿತು.

ಚಿತ್ರದುರ್ಗದವರಾದ ನಮಗೆ ಇದು ಬೇಗ ಅರ್ಥವಾಗಬೇಕಿತ್ತು. ನಮ್ಮ ಜಿಲ್ಲಾ ಕ್ರೀಡಾಂಗಣಕ್ಕೆ ಇಟ್ಟಿರುವ ಹೆಸರು ಒನಕೆ ಓಬವ್ವನದು. ಊರು ಗೆಲ್ಲಲು ಹೊರಟವಳಲ್ಲ ಅವಳು. ಕಿಂಡಿಯ ಬಳಿ ನಿಂತು ಊರು ಕಾಯ್ದವಳು. ಏಳು ಸುತ್ತಿನ ಕೋಟೆಯ ನೆರಳಿನಲ್ಲಿ ಬೆಳೆದ ನಾವೂ ಗೋಲು ಹೊಡೆದವನಿಗಷ್ಟೇ ಚಪ್ಪಾಳೆ ತಟ್ಟುತ್ತೇವೆ.

‘ಪ್ಲೇಸ್‌ಮೆಂಟ್ ಹತ್ತಿರ ಬಂತು, ಈಗ ಫುಟ್‌ಬಾಲ್ ಕಥೆ ಯಾಕೆ?’ ಎಂದು ಗೆಳೆಯರು ನಗುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಮನೆಯಲ್ಲಿ ಅಡಿಕೆ ದರ ನೋಡಿ ಫೀಸ್ ಕಟ್ಟುವವರು ನಾವು. ಆಟ ಆಡಿ ಹೊಟ್ಟೆ ತುಂಬಿಸಿಕೊಳ್ಳುತ್ತೇವೆ ಎಂಬ ಭ್ರಮೆ ನನಗೂ ಇಲ್ಲ. ಆದರೆ ಇಂಟರ್‌ವ್ಯೂನಲ್ಲಿ ‘ಟೀಮ್‌ವರ್ಕ್ ಅಂದ್ರೇನು?’ ಎಂಬ ಪ್ರಶ್ನೆಗೆ ನಾವು ಪಿಡಿಎಫ್ ನೋಡಿ ಉತ್ತರ ಬಾಯಿಪಾಠ ಮಾಡುತ್ತಿದ್ದೇವೆ. ಹತ್ತು ಜನರ ಬೈಗುಳ ತಿಂದು, ಬಿದ್ದು ಎದ್ದು, ಮತ್ತೆ ಚೆಂಡನ್ನು ಇನ್ನೊಬ್ಬನ ಕಾಲಿಗೆ ಕೊಟ್ಟವನಿಗೆ ಆ ಪಿಡಿಎಫ್ ಬೇಕಾಗುವುದಿಲ್ಲ.

ನನ್ನ ಇನ್ನೊಂದು ಮಾತು ಅವಕಾಶದ್ದು. ಚಾಪ್ಮನ್ ಅವರನ್ನು ಬೆಳೆಸಿದ್ದು ಸರ್ಕಾರದ ಒಂದು ತರಬೇತಿ ಕೇಂದ್ರ, ಅದಾದ ಮೇಲೆ ಒಂದು ಅಕಾಡೆಮಿ. ಪ್ರತಿಭೆ ಅವರದೇ, ಆದರೆ ಅದನ್ನು ಯಾರೋ ಗುರುತಿಸಿ ಕರೆದುಕೊಂಡರು. ನಾನು ಓದಿದ ಹೈಸ್ಕೂಲಿನಲ್ಲೂ ಫುಟ್‌ಬಾಲ್ ಇತ್ತು. ಗಾಳಿಯಿಲ್ಲದೆ, ಬೀರುವಿನ ಒಳಗೆ! ಹೊಸದುರ್ಗ, ಹಿರಿಯೂರು ಕಡೆಯ ಗೆಳೆಯರದ್ದೂ ಇದೇ ಕಥೆ. ಕ್ರಿಕೆಟ್, ಕಬಡ್ಡಿ, ವಾಲಿಬಾಲ್ ಆಡಿದ್ದೇವೆ, ಗೋಲ್ ಪೋಸ್ಟ್ ಮಾತ್ರ ಕಾಲೇಜಿಗೆ ಬಂದ ಮೇಲೆ ಕಂಡಿದ್ದು ಎನ್ನುತ್ತಾರೆ. 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತು. ಅದಕ್ಕೂ ಹಿಂದೆ ಗೆದ್ದಿದ್ದು 54 ವರ್ಷಗಳ ಕೆಳಗೆ, ಇನ್ನೂ ಮೈಸೂರು ರಾಜ್ಯ ಎಂಬ ಹೆಸರಿದ್ದಾಗ. ಮುಂದಿನ ಗೆಲುವಿಗೆ ಮತ್ತೆ 54 ವರ್ಷ ಕಾಯಬಾರದು ಎಂದರೆ ಬೀರುವಿನ ಬಾಗಿಲು ತೆರೆಯಬೇಕು. ತಾಲ್ಲೂಕಿಗೆ ಒಂದಾದರೂ ಗೋಲ್ ಪೋಸ್ಟ್ ಇರುವ ಮೈದಾನ, ವಾರಕ್ಕೆ ಎರಡು ಸಂಜೆ ಕಲಿಸುವ ಒಬ್ಬ ಕೋಚ್. ನಾನು ಕೇಳುತ್ತಿರುವುದು ಇಷ್ಟೇ.

ಯಾರಾದರೂ ತೀರಿಕೊಂಡ ದಿನ ಫೋಟೊ ಸ್ಟೇಟಸ್‌ಗೆ ಹಾಕಿ, ಮರುದಿನ ಅಳಿಸಿಬಿಡುವುದನ್ನು ನಾವು ನೆನಪು ಎಂದುಕೊಂಡಿದ್ದೇವೆ. ದೊಡ್ಡಪ್ಪನ ಗೆಳೆಯರು ಹಾಗಲ್ಲ. ಐದು ವರ್ಷವಾದರೂ ಅಕ್ಟೋಬರ್ 12ರಂದು ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಆಡಿದ್ದು ಅವರಲ್ಲ, ಚಾಪ್ಮನ್ ಅವರಿಗೆ ನೆಂಟರೂ ಅಲ್ಲ. ಆದರೂ ಮಾತು ಮುಗಿಯುವುದು ‘ನಮ್ಮ ಕ್ಯಾಪ್ಟನ್’ ಎಂದೇ.

ಈ ಸಲ ಆ ದಿನ ನಾವು ಗೆಳೆಯರು ಸೇರಿ ಒಂದು ಮ್ಯಾಚ್ ಇಟ್ಟುಕೊಂಡಿದ್ದೇವೆ. ಕಪ್ ಇಲ್ಲ, ಬಹುಮಾನವೂ ಇಲ್ಲ. ಶುರುವಾಗುವ ಮೊದಲು ಚಾಪ್ಮನ್ ಯಾರೆಂದು ಐದು ನಿಮಿಷ ಹೇಳುತ್ತೇವೆ, ಅಷ್ಟೇ. ಚೆಂಡಿಗೆ ಗಾಳಿ ತುಂಬಿಸುವ ಕೆಲಸ ದೊಡ್ಡಪ್ಪ ಒಪ್ಪಿಕೊಂಡಿದ್ದಾರೆ. ನಾನು ಎಂದಿನಂತೆ ಹಿಂದೆ ನಿಲ್ಲುತ್ತೇನೆ. ನಿಮ್ಮ ಊರಿನಲ್ಲೂ ಒಂದು ಚೆಂಡು ಯಾವುದೋ ಬೀರುವಿನಲ್ಲಿರಬಹುದು. ಅದನ್ನು ಹೊರಗೆ ತೆಗೆಯಿರಿ.

– ಬಿಇ ವಿದ್ಯಾರ್ಥಿ, ಚಿತ್ರದುರ್ಗ