ಬಾಡಿಗೆ ಏರಿಕೆಗೊಂದು ಕಾಗದ

ಡೊಂಬಿವಲಿ, ಕಲ್ಯಾಣಗಳಲ್ಲಿ ನಮ್ಮವರ ಮನೆಯನ್ನು ನಮ್ಮವರೇ ಬಾಡಿಗೆಗೆ ಹಿಡಿಯುವುದು ಹೊಸತೇನಲ್ಲ. ಸಂಘದ ಕಾರ್ಯಕ್ರಮದಲ್ಲಿ ಪಕ್ಕಪಕ್ಕದಲ್ಲಿ ಕುಳಿತವರೇ ಮಾಲಿಕರೂ ಬಾಡಿಗೆದಾರರೂ ಆಗಿರುವುದುಂಟು. ಈ ಸಲಿಗೆಯಿಂದಾಗಿ ಬಾಡಿಗೆ ಏರಿಸುವ ಮಾತು ಮೆಟ್ಟಿಲ ಮೇಲೋ ಲೋಕಲ್ ರೈಲಿನ ನೂಕುನುಗ್ಗಲಿನಲ್ಲೋ ತಿಂಗಳ ಕೊನೆಯ ಒಂದು ವಾಟ್ಸಾಪ್ ಸಾಲಿನಲ್ಲೋ ಮುಗಿದುಹೋಗುತ್ತದೆ. ಕಾಗದ ಬರೆದುಕೊಟ್ಟರೆ ‘ಇಷ್ಟೂ ನಂಬಿಕೆಯಿಲ್ಲವೆ?’ ಎಂಬ ಮುನಿಸು ಬೇರೆ. ಈ ದಾಕ್ಷಿಣ್ಯದಿಂದ ಇಬ್ಬರಿಗೂ ಹಾನಿಯೆಂದೇ ನಾವು ಭಾವಿಸುತ್ತೇವೆ.

ಮುಂಬಯಿಯ 1947ರ ಬಾಡಿಗೆ ಕಾಯ್ದೆ ಹಳೆಯ ಕಟ್ಟಡಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಕಟ್ಟಿಹಾಕಿತ್ತು. ಕಾಲ ಬದಲಾದರೂ ಬಾಡಿಗೆ ಬದಲಾಗದಿರುವುದು ಸಮಂಜಸವಲ್ಲವೆಂದು ಸುಪ್ರೀಂ ಕೋರ್ಟು 1997ರಲ್ಲಿ ಹೇಳಿದ್ದು ಮಲ್ಪೆ ವಿಶ್ವನಾಥ ಆಚಾರ್ಯರ ಮೊಕದ್ದಮೆಯಲ್ಲಿ. ಹೆಸರಿನಲ್ಲಿ ನಮ್ಮ ಕರಾವಳಿಯ ಊರು ಕಂಡು ನಾವು ತುಸು ಬೀಗಬಹುದು. ಅಲ್ಲಿ ನಿಂತದ್ದು ಮಾಲಿಕರ ವಾದವೆಂಬುದು ಬಾಡಿಗೆದಾರರಿಗೆ ಅಷ್ಟು ಹಿತವಾಗದು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯು ಇಂಥ ಹಳೆಯ ಬಾಡಿಗೆಗಳನ್ನು ವರ್ಷಕ್ಕೆ ಶೇ. 4ರಂತೆ ಏರಿಸಲು ಅವಕಾಶ ಕೊಟ್ಟಿತು.

ಠಾಣೆ, ನವಿ ಮುಂಬಯಿಯ ಫ್ಲ್ಯಾಟುಗಳಲ್ಲಿ ಇಂದು ಹೆಚ್ಚಾಗಿ ನಡೆಯುವುದು ಹನ್ನೊಂದು ತಿಂಗಳ ‘ಲೀವ್ ಅಂಡ್ ಲೈಸೆನ್ಸ್’ ಕರಾರು. ಅಲ್ಲಿ ಬರೆದದ್ದೇ ಬಾಡಿಗೆ. ಅವಧಿಯ ನಡುವೆ ಏರಿಸಬೇಕೆಂದರೆ ಆ ಷರತ್ತು ಮೊದಲೇ ಕರಾರಿನಲ್ಲಿರಬೇಕು, ಇಲ್ಲವೇ ಇಬ್ಬರೂ ಒಪ್ಪಬೇಕು. ಕಾಯ್ದೆಯ 55ನೆಯ ಕಲಮಿನಂತೆ ಕರಾರನ್ನು ನೋಂದಾಯಿಸುವ ಹೊಣೆ ಮಾಲಿಕರದು. ನೋಂದಾಯಿಸದೆ ತಕರಾರೆದ್ದರೆ, ಬೇರೆ ರೀತಿ ಸಾಬೀತಾಗುವ ತನಕ ಬಾಡಿಗೆದಾರರ ಮಾತೇ ನಿಲ್ಲುತ್ತದೆ. ಬಾಯಿಮಾತಿನ ಏರಿಕೆಯನ್ನು ನೆಚ್ಚಿದ ಮಾಲಿಕರು ಈ ಕಲಮನ್ನೊಮ್ಮೆ ಓದಬೇಕು. ಬಾಡಿಗೆದಾರರು 24ನೆಯದನ್ನು ಓದಲಿ: ಅವಧಿ ಮುಗಿದ ಮೇಲೂ ಮನೆ ಬಿಡದವರು ಬಾಡಿಗೆಯ ಎರಡರಷ್ಟು ತೆರಬೇಕಾಗುತ್ತದೆ.

ಏರಿಕೆಯನ್ನು ಎಷ್ಟು ಮೊದಲು ತಿಳಿಸಬೇಕು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಮೂರು ತಿಂಗಳ ಮುಂಚಿನ ಲಿಖಿತ ಸೂಚನೆಯನ್ನು ಹೇಳುತ್ತದೆ. ಅದು ಮಾದರಿ ಮಾತ್ರ. ರಾಜ್ಯ ಅಂಗೀಕರಿಸದೆ ಕಾನೂನಾಗದು, ನಿಜ. ಆದರೆ ಒಳ್ಳೆಯ ಮಾದರಿಯನ್ನು ಅನುಸರಿಸಲು ಯಾರ ಅಪ್ಪಣೆ ಬೇಕು? ಈಗಿನ ಬಾಡಿಗೆ, ಹೊಸ ಬಾಡಿಗೆ, ಜಾರಿಯಾಗುವ ದಿನ, ಉತ್ತರ ಕೊಡಬೇಕಾದ ದಿನ – ಇಷ್ಟನ್ನು ಅರ್ಧ ಪುಟದಲ್ಲಿ ಬರೆದು, ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ ಪಡೆದರೆ ಸಾಕು. ಸಹಿಗೆ ಸಂಕೋಚವಿದ್ದಲ್ಲಿ ಸ್ಪೀಡ್ ಪೋಸ್ಟ್ ಇದೆ.

ಜೂನ್‌ನಲ್ಲಿ ಶಾಲೆ ತೆರೆಯುವ ಈ ಊರುಗಳಲ್ಲಿ ಮೇ ಕೊನೆಯ ಸೂಚನೆ ಬಹಳ ನಿರ್ದಯವಾದುದು. ರಜೆಗೆಂದು ಊರಿಗೆ ಹೋಗಿ ಬಂದ ಕುಟುಂಬ ಒಂದೇ ವಾರದಲ್ಲಿ ದಲಾಲರ ಕಮಿಷನ್, ಹೊಸ ಡಿಪಾಸಿಟ್, ಟೆಂಪೊ ಬಾಡಿಗೆ ಎಲ್ಲವನ್ನೂ ಎಲ್ಲಿಂದ ಹೊಂದಿಸಬೇಕು? ಫೆಬ್ರವರಿಯಲ್ಲೇ ಕಾಗದ ಕೈಸೇರಿದರೆ, ಒಪ್ಪುವುದೋ ಬಿಡುವುದೋ ಎಂದು ಮನೆಮಂದಿ ಕುಳಿತು ಲೆಕ್ಕ ಹಾಕಬಹುದು.